ಮಗುವಿನ ಚೀಲಕ್ಕೂ ಡಿಕ್ಕಿಯಲ್ಲಿ ಜಾಗವಿರಲಿ

ಏಪ್ರಿಲ್ ತಿಂಗಳ ರಾತ್ರಿ. ಬೆಳಗಿನ ಜಾವ ಐದಕ್ಕೆ ಹೊರಟರೆ ಬಿಸಿಲೇರುವಷ್ಟರಲ್ಲಿ ಅರ್ಧ ದಾರಿ ಸವೆದಿರುತ್ತದೆ ಎಂದು ಅಪ್ಪ ಲೆಕ್ಕ ಹಾಕಿಯಾಗಿದೆ. ಮನೆಯ ಮುಂದೆ ಕಾರಿನ ಡಿಕ್ಕಿ ಬಾಯಿ ತೆರೆದು ನಿಂತಿದೆ. ಬಟ್ಟೆಯ ಸೂಟ್‌ಕೇಸು, ಚಕ್ಕುಲಿ ಕೋಡುಬಳೆಯ ಡಬ್ಬಿ, ಚಪಾತಿ ಚಟ್ನಿಪುಡಿಯ ಬುತ್ತಿ, ನೀರಿನ ಕ್ಯಾನು, ಅಜ್ಜಿಯ ಬಿ.ಪಿ. ಮಾತ್ರೆ, ಹೊದಿಕೆ, ಛತ್ರಿ ಒಂದೊಂದಾಗಿ ಒಳಗೆ ಸೇರುತ್ತಿವೆ. ಕೊನೆಗೆ ಹತ್ತು ವರ್ಷದ ಮಗಳು ತನ್ನದೊಂದು ಚೀಲ ಎಳೆದುಕೊಂಡು ಬರುತ್ತಾಳೆ. ಅದರಲ್ಲಿ ಚಿತ್ರದ ಪುಸ್ತಕ, ಬಣ್ಣದ ಪೆನ್ಸಿಲ್ಲು, ಒಂದು ಭೂತಗನ್ನಡಿ, ಅರ್ಧ ಹೆಣೆದ ದಾರದ ಬಳೆ. ‘ಇದೆಲ್ಲ ಅಲ್ಲಿಗ್ಯಾಕೆ ಪುಟ್ಟಿ? ಊರು ನೋಡೋಕೆ ಹೋಗ್ತಿರೋದು’ ಎನ್ನುತ್ತ ಅಮ್ಮ ಆ ಚೀಲವನ್ನು ವಾಪಸ್ ಸೋಫಾದ ಮೇಲೆ ಇಡುತ್ತಾಳೆ.

ಅದೇ ಬೀದಿಯ ಇನ್ನೊಂದು ಮನೆಯಲ್ಲೂ ಪ್ರವಾಸದ ತಯಾರಿ. ಅಲ್ಲಿ ಮಗ ಏನನ್ನೂ ಕೇಳಿಲ್ಲ. ಅಪ್ಪನೇ ಗಣಿತದ ವರ್ಕ್‌ಬುಕ್ಕು, ಕಾಪಿ ಪುಸ್ತಕ, ಮುಂದಿನ ತರಗತಿಯ ಇಂಗ್ಲಿಷ್ ಪಠ್ಯವನ್ನು ಬ್ಯಾಗಿಗೆ ತುರುಕಿದ್ದಾನೆ. ‘ದಿನಕ್ಕೆ ಎರಡೇ ಪುಟ ಮಾಡು, ಸಾಕು’ ಎಂಬ ರಿಯಾಯಿತಿ ಬೇರೆ.

ಮೊದಲ ಮನೆಯವರು ಮಗುವಿನ ಆಸಕ್ತಿಯನ್ನು ಸೋಫಾದ ಮೇಲೆ ಬಿಟ್ಟು ಹೊರಟರು. ಎರಡನೆಯವರು ಶಾಲೆಯನ್ನೇ ಹೊತ್ತುಕೊಂಡು ಹೊರಟರು. ರಜೆಯೆಂದರೆ ಕಲಿಕೆಯಿಂದ ಬಿಡುವು ಎಂದು ಅವರು ನಂಬಿದ್ದಾರೆ, ರಜೆಯಲ್ಲಿ ಬಿಟ್ಟದ್ದೆಲ್ಲ ನಷ್ಟ ಎಂದು ಇವರು ಹೆದರಿದ್ದಾರೆ. ಮಗು ತಾನೇ ಆರಿಸಿಕೊಂಡ ಹವ್ಯಾಸವನ್ನು ಪ್ರವಾಸಕ್ಕೆ ಒಯ್ಯಲು ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಎರಡೂ ಮನೆಗಳಲ್ಲಿ ಏಳುವುದೇ ಇಲ್ಲ.

ಅಜ್ಜಿ ಮನೆಯಿಂದ ಹೋಟೆಲ್ ರೂಮಿಗೆ

ಹಿಂದೆ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಬೇಸಿಗೆ ರಜೆ ಎಂದರೆ ಅಜ್ಜಿ ಮನೆ. ಅಲ್ಲಿಗೆ ಹೋಗುವಾಗ ಹವ್ಯಾಸವನ್ನು ಚೀಲದಲ್ಲಿ ತುಂಬಿಕೊಂಡು ಹೋಗಬೇಕಿರಲಿಲ್ಲ. ಹಪ್ಪಳ ಒಣಗಿಸುವುದು, ಮಾವಿನ ಮಿಡಿ ಆರಿಸುವುದು, ಕೆರೆಯಲ್ಲಿ ಈಜು ಕಲಿಯುವುದು, ಹುಣಸೆ ಬೀಜ ಉಜ್ಜಿ ಚೌಕಾಬಾರಕ್ಕೆ ದಾಳ ಮಾಡಿಕೊಳ್ಳುವುದು, ರಾತ್ರಿ ಬಯಲಾಟ ನೋಡಿ ಮರುದಿನ ಅಡಕೆ ಹಾಳೆಯ ಕಿರೀಟ ಕಟ್ಟಿಕೊಂಡು ಕುಣಿಯುವುದು, ಎಲ್ಲಕ್ಕೂ ಬೇಕಾದ ಸಾಮಗ್ರಿ ಅಲ್ಲೇ ಇತ್ತು. ಕಲಿಸುವವರೂ ಅಲ್ಲೇ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳುಗಟ್ಟಲೆ ಹೊತ್ತಿತ್ತು.

ಈಗಲೂ ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ ಇರುತ್ತದೆ, ದಸರೆಗೆ ಇನ್ನೊಂದು ಸುತ್ತು. ಆದರೆ ಅಪ್ಪ ಅಮ್ಮಂದಿರ ರಜೆ ಅಷ್ಟು ಉದ್ದವಿಲ್ಲ. ಮೂರು ದಿನ ಸಿಕ್ಕರೆ ಆರು ಊರು ನೋಡುವ ಹಂಬಲ. ಅಜ್ಜಿಯೂ ಈಗ ಮಗನ ಜೊತೆ ನಗರದ ಅಪಾರ್ಟ್‌ಮೆಂಟಿಗೆ ಬಂದಿದ್ದಾಳೆ. ಹೋಟೆಲ್ ರೂಮಿನಲ್ಲಿ ಮಗುವಿಗೆ ಸಿಗುವುದು ಒಂದು ಟಿ.ವಿ. ಮತ್ತು ವೈಫೈ ಪಾಸ್‌ವರ್ಡು. ಕೈಗೆ ಕೆಲಸ ಕೊಡುವಂಥದ್ದು ಅಲ್ಲಿ ಏನೂ ಇಲ್ಲ. ಅಜ್ಜಿ ಮನೆ ತಾನಾಗಿ ಕೊಡುತ್ತಿದ್ದುದನ್ನು ಈಗ ಒಂದು ಸಣ್ಣ ಚೀಲದಲ್ಲಾದರೂ ಒಯ್ಯಬೇಕಾಗಿ ಬಂದಿರುವುದು ಇದೇ ಕಾರಣಕ್ಕೆ.

ಮರೆತುಹೋಗುವ ಭಯ

ವರ್ಕ್‌ಬುಕ್ ತುರುಕಿದ ಅಪ್ಪನ ಭಯಕ್ಕೂ ಆಧಾರವಿಲ್ಲದಿಲ್ಲ. ಕಲಿತದ್ದನ್ನು ಬಳಸದಿದ್ದರೆ ಅದು ಮೊದಲ ಕೆಲವು ದಿನಗಳಲ್ಲೇ ವೇಗವಾಗಿ ಜಾರುತ್ತದೆ, ಆಮೇಲೆ ನಿಧಾನವಾಗಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಇದನ್ನು 1885ರಲ್ಲಿ ದಾಖಲಿಸಿದ. ಅಮೆರಿಕದ ಶಾಲೆಗಳ ದೀರ್ಘ ಬೇಸಿಗೆ ರಜೆಯ ಬಗ್ಗೆ ನಡೆದ 39 ಅಧ್ಯಯನಗಳನ್ನು ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ರಜೆ ಮುಗಿಸಿ ಬಂದ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿರುತ್ತಾರೆ, ಗಣಿತದಲ್ಲಿ ಅದು ಹೆಚ್ಚು ಎಂಬ ಅಂದಾಜು ಸಿಕ್ಕಿತು. ನಷ್ಟ ನಿಜಕ್ಕೂ ಅಷ್ಟು ದೊಡ್ಡದೇ ಎಂದು ನಂತರದ ಸಂಶೋಧಕರು ಪ್ರಶ್ನಿಸಿದ್ದಾರೆ.

ಆ ಅಂದಾಜು ಎರಡು ಮೂರು ತಿಂಗಳ ರಜೆಯದು. ನಾಲ್ಕು ದಿನದ ಚಿಕ್ಕಮಗಳೂರು ಪ್ರವಾಸದಲ್ಲಿ ಮಗ್ಗಿ ಮರೆತುಹೋಗುವುದಿಲ್ಲ. ಅಷ್ಟು ದಿನಕ್ಕೂ ಎರಡು ಪುಟದ ಕರಾರು ಹಾಕಿದರೆ ಮಗು ಗಣಿತದಲ್ಲಿ ಗಳಿಸುವುದು ಅಲ್ಪ. ರಜೆಯ ಸಂಜೆಗಳೆಲ್ಲ ‘ಬರೆದೆಯಾ?’ ‘ಆಮೇಲೆ ಬರೀತೀನಿ’ ಎಂಬ ಜಗ್ಗಾಟದಲ್ಲಿ ಕಳೆಯುತ್ತವೆ.

ಬಿಡುವು ಮಕ್ಕಳ ಹಕ್ಕು ಎಂಬುದೂ ಇಲ್ಲಿ ನೆನಪಿಡಬೇಕಾದ ಮಾತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಮಕ್ಕಳ ಹಕ್ಕೆಂದು ಹೇಳುತ್ತದೆ. ಭಾರತ ಅದಕ್ಕೆ 1992ರಲ್ಲೇ ಒಪ್ಪಿಗೆ ಕೊಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯುವ ಅವಕಾಶವಿರಲಿ ಎಂದಿತು. ಶಾಲೆಯೇ ಬ್ಯಾಗು ಇಳಿಸಲು ಯೋಚಿಸುತ್ತಿರುವಾಗ ಪ್ರವಾಸಕ್ಕೆ ಅದನ್ನು ಹೊರಿಸುವುದು ವಿಚಿತ್ರ.

ಬಹುಮಾನ ಕೆಡಿಸಿದ ಚಿತ್ರ

ಹಾಗಾದರೆ ಚಿತ್ರದ ಪುಸ್ತಕವೂ ವರ್ಕ್‌ಬುಕ್ಕೂ ಒಂದೇ ಅಲ್ಲವೇ? ಎರಡೂ ಪುಸ್ತಕ, ಎರಡಕ್ಕೂ ಪೆನ್ಸಿಲ್ಲು ಬೇಕು. ಯಾರು ಹೇಳಿದ್ದಕ್ಕೆ ಅದನ್ನು ತೆರೆಯಲಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ಶಿಶುವಿಹಾರವೊಂದರಲ್ಲಿ ಮಾರ್ಕರ್ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಖುಷಿಪಡುತ್ತಿದ್ದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ‘ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಮಾಣಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪ್ರಮಾಣಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ನಂತರ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನೋಡಿದಾಗ, ಬಹುಮಾನದ ಮಾತು ಕೇಳಿ ಬಿಡಿಸಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಹೊತ್ತಿನ ಸುಮಾರು ಅರ್ಧದಷ್ಟನ್ನು ಮಾತ್ರ ಕೊಟ್ಟರು. ತಮ್ಮ ಖುಷಿಗೆ ಮಾಡುತ್ತಿದ್ದುದು ಅವರಿಗೆ ಯಾರಿಗೋ ಮಾಡಿಕೊಡುವ ಕೆಲಸವಾಗಿಬಿಟ್ಟಿತ್ತು.

ಹೀಗೆ ಖುಷಿ ಕೆಡಿಸುವ ಕೆಲಸವನ್ನು ನಾವೂ ಪ್ರೀತಿಯಿಂದಲೇ ಮಾಡುತ್ತೇವೆ. ಮಗಳು ಹಕ್ಕಿ ನೋಡಲು ಶುರುಮಾಡಿದ ಕೂಡಲೇ ‘ಇಪ್ಪತ್ತು ಹಕ್ಕಿ ಗುರುತಿಸಿದರೆ ಐಸ್‌ಕ್ರೀಮ್’ ಎನ್ನುತ್ತೇವೆ. ಮಗ ಒಂದು ಚಿತ್ರ ಬಿಡಿಸಿದರೆ ಅದು ಮರುಗಳಿಗೆಯಲ್ಲಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಹೆಬ್ಬೆರಳುಗಳು ಬಂದು ಬೀಳುತ್ತವೆ, ‘ಇನ್ನೊಂದು ಬಿಡಿಸು’ ಎಂಬ ಬೇಡಿಕೆ ಹಿಂಬಾಲಿಸುತ್ತದೆ. ಹವ್ಯಾಸ ಹೀಗೇ ಹೋಂವರ್ಕ್ ಆಗುತ್ತದೆ. ಮಗು ತಾನಾಗಿ ತಂದು ತೋರಿಸಿದಾಗ ಮೆಚ್ಚಿಕೊಂಡರೆ ಸಾಕು.

ಕಿಟಕಿಯಾಚೆಯ ಲೆಕ್ಕ

ಹವ್ಯಾಸ ಜೊತೆಗಿದ್ದರೆ ಮೊದಲು ಬದಲಾಗುವುದು ಪ್ರಯಾಣ. ‘ಇನ್ನೆಷ್ಟು ದೂರ?’ ಎಂಬ ಪ್ರಶ್ನೆ ಮಕ್ಕಳಿಂದ ಹತ್ತು ನಿಮಿಷಕ್ಕೊಮ್ಮೆ ಬರುವುದು ಕಿಟಕಿಯಾಚೆ ನೋಡಲು ಏನೂ ಇಲ್ಲ ಎಂದು ಅವರಿಗೆ ಅನ್ನಿಸಿದಾಗ. ಅಂಕಿ, ನಕಾಶೆ ಇಷ್ಟಪಡುವ ಮಗುವಿಗೆ ದಾರಿಯುದ್ದಕ್ಕೂ ಸರಕು ಸಿಗುತ್ತದೆ.

ಮೈಲಿಗಲ್ಲುಗಳ ತಲೆಯನ್ನೇ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆ ಕೊಡುವಾಗ ಒಂದು ಕ್ರಮ ಪಾಲಿಸಲಾಯಿತು. ಉತ್ತರ ದಕ್ಷಿಣವಾಗಿ ಹೋಗುವ ದಾರಿಗಳಿಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಅದು ಏರುತ್ತದೆ. ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿಗೆ ಬರುವುದು 44, ಹುಬ್ಬಳ್ಳಿ, ದಾವಣಗೆರೆ, ತುಮಕೂರು ಹಾದು ಬರುವುದು 48, ಕರಾವಳಿಯುದ್ದಕ್ಕೂ ಸಾಗುವುದು 66. ಪೂರ್ವ ಪಶ್ಚಿಮದ ದಾರಿಗಳಿಗೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರಿಕೆ. ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಯ ದಾರಿ 67, ಹೊನ್ನಾವರದಿಂದ ಸಾಗರ, ಶಿವಮೊಗ್ಗಕ್ಕೆ ಏರುವುದು 69, ಬೆಂಗಳೂರಿನಿಂದ ಮಂಗಳೂರು ಕಡೆಗೆ ಹೋಗುವುದು 75. ಈ ಗುಟ್ಟು ತಿಳಿದ ಮಗು ಫಲಕ ನೋಡಿಯೇ ಕಾರು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಊಹಿಸತೊಡಗುತ್ತದೆ.

ರೈಲಾದರೆ ಇನ್ನೂ ಸೊಗಸು. ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಎಷ್ಟೆಂದು ಬರೆದಿರುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗುವ ಮಗು ಈ ಅಂಕಿಗಳನ್ನು ಬರೆದುಕೊಳ್ಳುತ್ತ ಹೋದರೆ, ಸಕಲೇಶಪುರದ 900 ಮೀಟರ್ ಆಸುಪಾಸಿನ ಎತ್ತರ ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಹೊತ್ತಿಗೆ ನೂರು ಚಿಲ್ಲರೆ ಮೀಟರಿಗೆ ಇಳಿದಿರುತ್ತದೆ. ನಡುವೆ ಇರುವುದು ಸುಮಾರು 55 ಕಿ.ಮೀ. ಘಟ್ಟದ ದಾರಿ, ಐವತ್ತಕ್ಕೂ ಹೆಚ್ಚು ಸುರಂಗಗಳು. ಆ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದರೆ ಪಶ್ಚಿಮಘಟ್ಟದ ಪಕ್ಕನೋಟ ಮೂಡುತ್ತದೆ. ಭೂಗೋಳದ ಪುಸ್ತಕದಲ್ಲಿ ಅದೇ ಚಿತ್ರ ಬಂದಾಗ ಮಗುವಿಗೆ ಅದು ತಾನು ಇಳಿದ ಘಟ್ಟ.

ಹಕ್ಕಿ, ಶಿಲ್ಪ, ನೆರಳು

ತಲುಪಿದ ಊರಿನಲ್ಲೂ ಅಷ್ಟೇ. ಹಕ್ಕಿಯ ಹುಚ್ಚಿರುವ ಹುಡುಗನಿಗೆ ಮೈಸೂರು ಪ್ರವಾಸವೆಂದರೆ ಅರಮನೆಗಿಂತ ಮೊದಲು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ರಕ್ಷಿತ ತಾಣವಾದ ಈ ಕಾವೇರಿ ನಡುಗಡ್ಡೆಗಳಲ್ಲಿ ಬೇಸಿಗೆ ರಜೆ ಶುರುವಾಗುವ ಹೊತ್ತಿಗೂ ಗೂಡುಗಳ ಗದ್ದಲ ಇರುತ್ತದೆ. ದೋಣಿಯಲ್ಲಿ ಎಲ್ಲರೂ ಮೊಸಳೆಯ ಫೋಟೊ ತೆಗೆಯುತ್ತಿದ್ದರೆ, ಬೈನಾಕ್ಯುಲರ್ ಹಿಡಿದ ಹುಡುಗ ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಏಕಿದೆ ಎಂದು ಕೇಳಿರುತ್ತಾನೆ. ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವ ಹಕ್ಕಿ ಅದು ಎಂದು ದೋಣಿ ನಡೆಸುವವರು ಹೇಳಿದರೆ ಇಡೀ ದೋಣಿ ಕತ್ತು ತಿರುಗಿಸುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ, ಊರವರೇ ಅವುಗಳ ಕಾವಲುಗಾರರು. ಡಿಸೆಂಬರ್ ರಜೆಯಲ್ಲಿ ಗದಗದ ಕಡೆ ಹೋಗುವವರಿಗೆ ಮಾಗಡಿ ಕೆರೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಕಾಣಸಿಗುತ್ತವೆ.

ಚಿತ್ರ ಬರೆಯುವ ಮಗುವಿಗೆ ಬೇಲೂರು, ಹಳೇಬೀಡು, ಸೋಮನಾಥಪುರ. ಹೊಯ್ಸಳರ ಈ ಮೂರು ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಗೈಡ್ ಹೇಳುವ ಕಥೆ ಮುಗಿದು ದೊಡ್ಡವರು ಎಳನೀರಿಗೆ ಹೊರಟಾಗ, ಒಂದೇ ಒಂದು ಮದನಿಕೆಯ ಮುಂದೆ ಕೂತು ಬರೆಯಲು ಮಗುವಿಗೆ ಅರ್ಧ ಗಂಟೆ ಕೊಡಿ. ಕಿವಿಯೋಲೆಯ ಕುಸುರಿ, ಬಳೆಯ ಸಾಲು, ಬೆರಳಿನ ಬಾಗು ಬರೆಯುವ ಕಣ್ಣಿಗೆ ಮಾತ್ರ ಬೀಳುತ್ತವೆ. ಹಾಗೆ ಹುಡುಕುವ ಕಣ್ಣಿಗೆ ಇನ್ನೊಂದು ನಿಧಿಯೂ ಇದೆ: ಬಹುತೇಕ ಶಿಲ್ಪಿಗಳು ಹೆಸರಿಲ್ಲದೆ ಹೋದ ನಾಡಿನಲ್ಲಿ ಹೊಯ್ಸಳ ಶಿಲ್ಪಿಗಳು ಕಲ್ಲಿನ ಮೇಲೆ ಸಹಿ ಹಾಕಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ತಾನು ಬರೆದ ಚಿತ್ರದ ಮೂಲೆಯಲ್ಲಿ ಹೆಸರು ಬರೆಯುವ ಮಗುವಿಗೆ ಎಂಟುನೂರು, ಒಂಬೈನೂರು ವರ್ಷದ ಹಿಂದಿನ ಜೊತೆಗಾರರು ಸಿಕ್ಕಂತೆ.

ಆಟದ ಹುಚ್ಚಿನವರಿಗೆ ಹಂಪಿಯ ಮಂಟಪಗಳಿವೆ. ನೆಲದ ಚಪ್ಪಡಿಗಳ ಮೇಲೆ ಅಲ್ಲಲ್ಲಿ ಯಾರೋ ಕೆತ್ತಿ ಆಡಿದ ಆಟದ ಮನೆಗಳು ಉಳಿದಿವೆ. ಚೌಕಾಬಾರ ಅಥವಾ ಅಳಗುಳಿ ಮನೆ ಆಡಿ ಗೊತ್ತಿರುವ ಮಕ್ಕಳು ಅವನ್ನು ದೊಡ್ಡವರಿಗಿಂತ ಬೇಗ ಪತ್ತೆಮಾಡುತ್ತಾರೆ.

ವಿಜ್ಞಾನದ ಕುತೂಹಲಕ್ಕೆ ಒಂದು ಕೋಲು ಸಾಕು. ನಮ್ಮ ರಾಜ್ಯದ ಎಲ್ಲ ಊರುಗಳಲ್ಲೂ ವರ್ಷಕ್ಕೆ ಎರಡು ದಿನ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಎರಡರಲ್ಲಿ ಮೊದಲನೆಯದು ಸರಿಯಾಗಿ ಬೇಸಿಗೆ ರಜೆಯಲ್ಲೇ ಬರುತ್ತದೆ. ಮೈಸೂರಿಗೆ ಏಪ್ರಿಲ್ 22ರ ಸುಮಾರಿಗೆ, ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ, ಹಂಪಿಗೆ ಮೇ ಮೊದಲ ವಾರ, ಬೀದರಿಗೆ ಮೇ ಎರಡನೇ ವಾರ. ಸೂರ್ಯ ಉತ್ತರಕ್ಕೆ ಸರಿಯುವುದನ್ನು ಊರಿಂದ ಊರಿಗೆ ಹಿಂಬಾಲಿಸಬಹುದು. ಬೆಂಗಳೂರು, ಮಂಗಳೂರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿದ್ದರೂ ನೆರಳು ಮಾಯವಾಗುವ ಹೊತ್ತು ಮಂಗಳೂರಿನಲ್ಲಿ ಸುಮಾರು 11 ನಿಮಿಷ ತಡ. ಭೂಮಿ ತಿರುಗುವುದನ್ನು ಗಡಿಯಾರ ಮತ್ತು ಕೋಲಿನಿಂದಲೇ ಹಿಡಿದಂತಾಯಿತು. ಕರಾವಳಿಗೆ ಹೋದವರು ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಬಹುದು. ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣಿದು ಬಿರಿದು ಆದ ಕಂಬಗಳವು.

ದಿನದ ಅಭ್ಯಾಸದ ಗತಿಯೇನು?

ಸಂಗೀತ, ನೃತ್ಯ, ಚೆಸ್‌ನಂಥವು ಬೇರೆ ಬಗೆಯವು. ಊರು ಯಾವುದಾದರೂ ಅವಕ್ಕೆ ದಿನಾ ಒಂದಿಷ್ಟು ಹೊತ್ತು ಬೇಕು. ಇಲ್ಲಿ ಮನೆಯ ವೇಳಾಪಟ್ಟಿಯನ್ನು ಹಾಗೇ ಎತ್ತಿಕೊಂಡು ಹೋಗುವುದು ಕಷ್ಟ. ವೀಣೆ ಕಾರಿನಲ್ಲಿ ಹಿಡಿಸುವುದಿಲ್ಲ, ಮೃದಂಗಕ್ಕೆ ಹೋಟೆಲಿನ ಪಕ್ಕದ ರೂಮಿನವರು ಒಪ್ಪುವುದಿಲ್ಲ.

ಅಭ್ಯಾಸವನ್ನು ಚಿಕ್ಕದು ಮಾಡಿದರೆ ಉಳಿಯುತ್ತದೆ. ಮೃದಂಗ ಕಲಿಯುವವನು ತೊಡೆಯ ಮೇಲೆ ತಾಳ ಹಾಕುತ್ತ ಪಾಠವನ್ನು ಬಾಯಲ್ಲಿ ಹೇಳಬಹುದು. ಹಾಡು ಕಲಿಯುವವಳಿಗೆ ಮೊಬೈಲಿನ ಶ್ರುತಿಯೊಂದಿಗೆ ಬೆಳಿಗ್ಗೆ ಒಂದೆರಡು ಸರಳೆ, ಜಂಟಿ ವರಸೆ ಸಾಕು. ಕೊಳಲು ಹೇಗೂ ಚೀಲದಲ್ಲಿ ಕೂರುತ್ತದೆ. ಒಂದೇ ದಿನ ಎರಡು ತಾಸು ಗುದ್ದಾಡುವುದಕ್ಕಿಂತ ದಿನಕ್ಕೆ ಸ್ವಲ್ಪ ಸ್ವಲ್ಪ ಹಂಚಿಕೊಂಡದ್ದು ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ಎಬ್ಬಿಂಗ್‌ಹೌಸ್ ಕಾಲದಿಂದಲೂ ಪದೇಪದೇ ಕಂಡುಬಂದ ಸಂಗತಿ. ಚೆಸ್‌ಗೆ ಅಯಸ್ಕಾಂತದ ಕಾಯಿಗಳಿರುವ ಮಡಚುವ ಹಲಗೆ ಸಿಗುತ್ತದೆ. ರೈಲು ಕುಲುಕಿದರೂ ರಾಜ ಮಂತ್ರಿ ಜಾರುವುದಿಲ್ಲ, ಎದುರು ಸೀಟಿನ ಅಜ್ಜನೊಬ್ಬರು ಆಟಕ್ಕೆ ಕೂರುವ ಸಾಧ್ಯತೆಯೂ ಹೆಚ್ಚು.

ಮಗುವೇ ‘ಈ ನಾಲ್ಕು ದಿನ ಬೇಡ’ ಎಂದರೆ? ಬೇಡ. ಎಲ್ಲ ಹವ್ಯಾಸಕ್ಕೂ ವಿರಾಮ ಬೇಕಾಗುತ್ತದೆ. ಚೀಲ ತೆರೆಯದೆ ವಾಪಸ್ ಬಂದರೂ ‘ಹೊತ್ತು ತಂದಿದ್ದೇ ಬಂತು’ ಎಂದು ಆಡಿಕೊಳ್ಳಬಾರದು.

ಮೊಬೈಲು ಶತ್ರುವೇ?

ಪ್ರವಾಸದಲ್ಲಿ ಮೊಬೈಲಿನ ಜಗಳ ಎಲ್ಲ ಮನೆಯದು. ಪೂರ್ತಿ ಕಿತ್ತುಕೊಂಡರೆ ಮುನಿಸು, ಪೂರ್ತಿ ಬಿಟ್ಟರೆ ಜೋಗದ ಮುಂದೆಯೂ ತಲೆ ತಗ್ಗಿಸಿ ರೀಲ್ಸ್. ಅದೇ ಮೊಬೈಲಿನಲ್ಲಿ ಹಕ್ಕಿಯ ಕೂಗು ಕೇಳಿ ಹೆಸರು ಸೂಚಿಸುವ ಮರ್ಲಿನ್, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್, ಆಕಾಶಕ್ಕೆ ಹಿಡಿದರೆ ನಕ್ಷತ್ರ ಗುರುತಿಸುವ ಸ್ಟೆಲೇರಿಯಂ ಕೂಡ ಇವೆ. ಮಗು ಮೊಬೈಲ್ ನೋಡಿ ತಲೆಯೆತ್ತಿ ಮರವನ್ನೋ ಆಕಾಶವನ್ನೋ ಹುಡುಕುತ್ತಿದ್ದರೆ ಚಿಂತೆಯಿಲ್ಲ. ತಲೆ ಎತ್ತದೆ ಗಂಟೆ ಕಳೆದರೆ ತೆಗೆದಿಡುವ ಹೊತ್ತಾಯಿತು ಎಂದರ್ಥ. ಘಟ್ಟದ ಕಡೆ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಬೇಕಾದ ನಕಾಶೆ, ಹಕ್ಕಿಗಳ ಪಟ್ಟಿಯನ್ನು ಮನೆಯಲ್ಲೇ ಇಳಿಸಿಕೊಳ್ಳಬೇಕು.

ಒಯ್ಯುವುದು, ತರದಿರುವುದು

ಚೀಲದ ಲೆಕ್ಕ ಸರಳ: ಮಗು ತಾನೇ ಬೆನ್ನಿಗೆ ಹಾಕಿಕೊಂಡು ನಡೆಯುವಷ್ಟು. ಅದಕ್ಕಿಂತ ಹೆಚ್ಚಾದರೆ ಎರಡನೇ ದಿನ ಅಪ್ಪನ ಹೆಗಲಿಗೆ ಬರುತ್ತದೆ, ಮೂರನೇ ದಿನ ಅದರಿಂದಲೇ ಜಗಳ. ಚೆಲ್ಲುವ ಜಲವರ್ಣಕ್ಕಿಂತ ಪೆನ್ಸಿಲ್ ಬಣ್ಣ, ನೂರು ತುಂಡಿನ ಆಟಿಕೆಗಿಂತ ಒಂದು ರೂಬಿಕ್ ಘನ, ದೊಡ್ಡ ಪುಸ್ತಕಕ್ಕಿಂತ ಜೇಬಿನ ಟಿಪ್ಪಣಿ ಪುಸ್ತಕ ವಾಸಿ. ವಿಮಾನವಾದರೆ ಮೊನಚು ಕತ್ತರಿ, ಬ್ಲೇಡು ಕೈಚೀಲದಲ್ಲಿ ನಡೆಯುವುದಿಲ್ಲ, ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಸಂಗ್ರಹದ ಹವ್ಯಾಸಕ್ಕೆ ಮಾತ್ರ ಸ್ವಲ್ಪ ಕಡಿವಾಣ ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಗರಿ, ಮೂಳೆ, ಗಿಡ ಏನನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದೊಡ್ಡವರಿಗೂ ಮಕ್ಕಳಿಗೂ ಒಂದೇ. ಸ್ಮಾರಕಗಳ ಕಲ್ಲಿನ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವುದೂ ಬೇಡ, ಗೀಚುವುದಂತೂ ಅಪರಾಧ. ಪುರಾತನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಆಗಬಹುದು. ನೋಡಿ ಬರೆಯಲು ಯಾರ ಅಡ್ಡಿಯೂ ಇಲ್ಲ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ತಾಣಗಳಲ್ಲಿ 15 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ.

ಸಂಗ್ರಹಿಸಲೇಬೇಕೆಂಬ ಮಗುವಿಗೆ ಅಂಚೆ ಕಾರ್ಡಿನ ದಾರಿಯಿದೆ. 50 ಪೈಸೆಯ ಒಂದು ಕಾರ್ಡಿನಲ್ಲಿ ಆ ದಿನ ಕಂಡದ್ದನ್ನು ಬರೆದು ಅಥವಾ ಚಿತ್ರಿಸಿ, ಹೋದ ಊರಿನ ಅಂಚೆ ಡಬ್ಬಿಗೆ ಹಾಕಿ ತನ್ನದೇ ಮನೆಯ ವಿಳಾಸಕ್ಕೆ ಕಳಿಸಬಹುದು. ತಾರೀಖು, ಊರಿನ ಹೆಸರಿನ ಮೊಹರನ್ನು ಅಂಚೆ ಇಲಾಖೆಯೇ ಒತ್ತಿಕೊಡುತ್ತದೆ. ಕೆಲವು ಪ್ರವಾಸಿ ತಾಣಗಳ ಅಂಚೆ ಕಚೇರಿಗಳಲ್ಲಿ ಆ ಸ್ಥಳದ ಚಿತ್ರವಿರುವ ವಿಶೇಷ ಮೊಹರೂ ಸಿಗುತ್ತದೆ.

ಇದಕ್ಕೆಲ್ಲ ಕಾರು, ರೆಸಾರ್ಟು ಬೇಕಿಲ್ಲ. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ತಾಯಂದಿರು ಬಹಳ. ಆ ಮಕ್ಕಳ ಕೈಯಲ್ಲೂ ಒಂದು ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಲಿನಲ್ಲಿ ನಿಂತ ಹೊತ್ತು ವ್ಯರ್ಥವಲ್ಲ. ಅಮೆರಿಕ, ದುಬೈಗಳಿಂದ ರಜೆಗೆ ಊರಿಗೆ ಬರುವ ಕನ್ನಡಿಗರ ಮಕ್ಕಳಿಗೆ ಅಜ್ಜಿಯ ಕಥೆ, ಗಾದೆ, ಅಡುಗೆಯ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸುವುದೇ ಒಳ್ಳೆಯ ಹವ್ಯಾಸವಾಗಬಲ್ಲದು.

ನಮಗೇ ಗೊತ್ತಿಲ್ಲದಿದ್ದರೆ?

‘ನಮಗೆ ಹಕ್ಕಿಯ ಹೆಸರೂ ಗೊತ್ತಿಲ್ಲ, ಶಾಸನ ಓದಲೂ ಬರುವುದಿಲ್ಲ, ಮಗು ಕೇಳಿದರೆ ಏನು ಹೇಳೋಣ’ ಎಂದು ಹಿಂಜರಿಯುವ ಪೋಷಕರಿದ್ದಾರೆ. ನೊಬೆಲ್ ಪಡೆದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತನ್ನ ಬಾಲ್ಯದ ಬಗ್ಗೆ ಹೇಳಿಕೊಂಡದ್ದು ಅವರಿಗೆ ಧೈರ್ಯ ಕೊಡಬಹುದು. ನ್ಯೂಯಾರ್ಕಿನ ಅವರ ಕುಟುಂಬ ಬೇಸಿಗೆಗೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿಗೆ ಹೋಗುತ್ತಿತ್ತು. ಸಮವಸ್ತ್ರ ಮಾರುವ ಕಂಪನಿಯಲ್ಲಿದ್ದ ಅಪ್ಪ ವಾರಾಂತ್ಯಕ್ಕೆ ಬಂದು ಮಗನನ್ನು ಕಾಡಿನಲ್ಲಿ ಸುತ್ತಾಡಿಸುತ್ತಿದ್ದರು. ವಿಜ್ಞಾನ ಓದಿದವರಲ್ಲ. ಹಕ್ಕಿಯೊಂದು ಗರಿಯನ್ನು ಕೊಕ್ಕಿನಿಂದ ಕೆದಕುತ್ತಿದ್ದರೆ ಅದೇಕೆ ಹಾಗೆ ಮಾಡುತ್ತದೆ ಎಂದು ಮಗನನ್ನೇ ಕೇಳುತ್ತಿದ್ದರು, ಊಹೆ ಸರಿಯೋ ಎಂದು ಇಬ್ಬರೂ ನಿಂತು ನೋಡುತ್ತಿದ್ದರು. ಅಪ್ಪ ಕೊಟ್ಟದ್ದು ಉತ್ತರಗಳಿಗಿಂತ ಹೆಚ್ಚಾಗಿ ಹೊತ್ತನ್ನು.

ಖರ್ಚು ಆಗುವುದು ಸಮಯ

ಪುಟ್ಟ ಚೀಲವೊಂದು ಡಿಕ್ಕಿಯಲ್ಲಿ ಹಿಡಿಸುವುದು ಕಷ್ಟವಲ್ಲ. ಅದಕ್ಕೆ ದಿನದಲ್ಲಿ ಜಾಗ ಮಾಡುವುದೇ ಕಷ್ಟ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆ ಶ್ರವಣಬೆಳಗೊಳ ಎಂದು ಪಟ್ಟಿ ಹಾಕಿದ ಮೇಲೆ ಚಿತ್ರಕ್ಕೆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಚಿತ್ರದ ಪುಸ್ತಕ ಒಯ್ಯಲು ಒಪ್ಪಿ, ಬರೆಯಲು ಕೂತಾಗ ‘ಏಳು, ಹೊತ್ತಾಯ್ತು’ ಎನ್ನುವುದಕ್ಕಿಂತ ಮನೆಯಲ್ಲೇ ಬಿಟ್ಟು ಬಂದಿದ್ದರೆ ಮಗುವಿಗೆ ನೋವಾದರೂ ಕಡಿಮೆ.

ಪಟ್ಟಿಯಿಂದ ಒಂದು ಊರನ್ನಾದರೂ ಹೊಡೆದುಹಾಕಬೇಕಾಗುತ್ತದೆ. ಇದು ಎಲ್ಲರಿಗೂ ಇಷ್ಟವಾಗುವುದಿಲ್ಲ. ಇಷ್ಟು ದೂರ ಬಂದು ಗೊಮ್ಮಟನ ದರ್ಶನ ಬಿಡುವುದೇ ಎಂದು ಅಜ್ಜಿ ಕೇಳುತ್ತಾರೆ, ಅದು ನ್ಯಾಯವೇ. ಅಣ್ಣನಿಗೆ ಹಕ್ಕಿ ಬೇಕು, ತಂಗಿಗೆ ಸಮುದ್ರ. ಎಲ್ಲರ ಆಸೆಗೂ ಸರದಿ ಇಟ್ಟುಕೊಳ್ಳುವುದು ಹೆಚ್ಚಿನ ಮನೆಗಳಲ್ಲಿ ಸಾಧ್ಯ: ಇವತ್ತಿನ ಬೆಳಿಗ್ಗೆ ಅಜ್ಜಿಯದು, ಸಂಜೆ ಅಣ್ಣನದು, ನಾಳೆ ತಂಗಿಯದು. ಅಣ್ಣನ ಸರದಿಯಲ್ಲಿ ಉಳಿದವರು ಗೊಣಗದೆ ಕಾಯಬೇಕು, ಅಜ್ಜಿಯ ಸರದಿಯಲ್ಲಿ ಅಣ್ಣನೂ ಮೆಟ್ಟಿಲು ಹತ್ತಬೇಕು. ಕಾಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ, ದೊಡ್ಡವರಿಗೂ.

ಪ್ರವಾಸದ ತೀರ್ಮಾನಗಳು ನಮ್ಮಲ್ಲಿ ಸಾಮಾನ್ಯವಾಗಿ ದೊಡ್ಡವರವು. ಎಲ್ಲಿಗೆ, ಯಾವಾಗ, ಎಷ್ಟು ದಿನ, ಎಲ್ಲಿ ಊಟ ಎಂಬುದನ್ನೆಲ್ಲ ನಾವೇ ನಿರ್ಧರಿಸಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತೇವೆ. ತನ್ನ ಇಷ್ಟದ ಕೆಲಸವನ್ನು ಜೊತೆಗೆ ಒಯ್ಯಲು, ಅದಕ್ಕೆ ಹೊತ್ತು ಕೇಳಲು ಬಿಟ್ಟರೆ ಆ ತೀರ್ಮಾನದಲ್ಲಿ ಮಗುವಿಗೂ ಒಂದು ಪಾಲು ಸಿಕ್ಕಂತಾಗುತ್ತದೆ. ಮುಂದಿನ ಸಲ ‘ಎಲ್ಲಿಗೆ ಹೋಗೋಣ?’ ಎಂದು ಮನೆಯಲ್ಲಿ ಮಾತು ಬಂದಾಗ ಮೊದಲು ಮಗುವನ್ನು ಕೇಳಿ. ‘ಎಲ್ಲಿಗಾದರೂ’ ಎಂಬ ಉತ್ತರದ ಬದಲು ಒಂದು ಊರಿನ ಹೆಸರು, ಅಲ್ಲಿಗೇ ಏಕೆ ಹೋಗಬೇಕೆಂಬ ಕಾರಣ ಎರಡೂ ಬಂದರೆ, ಕಳೆದ ಸಲ ಪಟ್ಟಿಯಿಂದ ಹೊಡೆದುಹಾಕಿದ ಊರಿನ ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳಬಹುದು.